ಕುದುರೆಯ ಜೊತೆ ದಾರಿ ಸವೆಸುವ ಸುಖ

ನಮ್ಮ ಕರಾವಳಿಯ ಊರುಗಳಲ್ಲಿ ಕುದುರೆ ಕಾಣಸಿಗುವುದು ರಥದ ಮರದ ಕೆತ್ತನೆಯಲ್ಲಿ, ಇಲ್ಲವೆ ಯಕ್ಷಗಾನದ ಅರ್ಥಗಾರಿಕೆಯಲ್ಲಿ. ಮಳೆ, ಕೆಸರು, ಗದ್ದೆಬದುವಿನ ಈ ಸೀಮೆಯಲ್ಲಿ ಹೊರೆ ಹೊತ್ತದ್ದು ಎತ್ತು ಮತ್ತು ಆಳಿನ ತಲೆ. ಆದುದರಿಂದಲೇ ಸವಾರಿ ಎಂದೊಡನೆ ನಮಗೆ ತೋಚುವುದು ರೇಸು, ಸಿನಿಮಾದ ನಾಗಾಲೋಟ. ಆದರೆ ಬೆಟ್ಟ-ಕಾಡುಗಳ ದಾರಿಯಲ್ಲಿ ದಿನಗಟ್ಟಲೆ ಕುದುರೆಯೊಂದಿಗೆ ಸಾಗುವವರ ಸುಖ ಬೇರೆಯೇ. ಅದು ನಿಧಾನದ ಸುಖ. ಗಂಟೆಗೆ ಆರೇಳು ಕಿಲೋಮೀಟರಿನ ನಡಿಗೆ. ಬೇಲಿಯಾಚೆಗೂ ನೋಟ ಹರಿಯುವಷ್ಟು ಎತ್ತರ. ಎದುರಿಗೆ ಸದಾ ತಿರುಗುತ್ತಿರುವ ಎರಡು ಕಿವಿಗಳು. ಪೊದೆಯಲ್ಲಿ ಏನೋ ಅಲುಗಿತೆಂಬುದು ಸವಾರನಿಗೆ ತಿಳಿಯುವ ಮೊದಲೇ ಆ ಕಿವಿಗಳಿಗೆ ತಿಳಿದಿರುತ್ತದೆ.

ಈ ಬಗೆಯ ಪಯಣಿಗರಲ್ಲಿ ದೊಡ್ಡವನೆಂದರೆ ಐಮೆ ಚಿಫೆಲಿ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅರ್ಜೆಂಟೀನಾದಲ್ಲಿ ಮೇಷ್ಟ್ರಾಗಿದ್ದ ಈತ 1925ರಲ್ಲಿ ಬ್ಯೂನಸ್ ಐರಿಸ್‌ನಿಂದ ಹೊರಟ. ಜೊತೆಗಿದ್ದದ್ದು ಮಾಂಚಾ ಮತ್ತು ಗಾಟೋ ಎಂಬ ಎರಡು ನಾಡತಳಿಯ ಕುದುರೆಗಳು. ವಯಸ್ಸು ಹದಿನೈದರ ಆಸುಪಾಸು, ನೋಟಕ್ಕೆ ಸಾಧಾರಣ. ಅವನಿಗೆ ಹುಚ್ಚೆಂದವರೇ ಹೆಚ್ಚು. ಒಂದರ ಮೇಲೆ ತಾನು, ಇನ್ನೊಂದರ ಮೇಲೆ ಗಂಟುಮೂಟೆ, ಮತ್ತೆ ಅದಲುಬದಲು. ಹೀಗೆ ಆಂಡೀಸ್ ಪರ್ವತ, ಮರಳುಗಾಡು, ಜೌಗು ಎಲ್ಲವನ್ನೂ ಹಾದು ಸುಮಾರು ಹದಿನಾರು ಸಾವಿರ ಕಿಲೋಮೀಟರು ಸಾಗಿ 1928ರಲ್ಲಿ ನ್ಯೂಯಾರ್ಕ್ ಮುಟ್ಟಿದ. ಗಾಯಗೊಂಡ ಗಾಟೋವನ್ನು ಮೆಕ್ಸಿಕೋದಲ್ಲೇ ಬಿಟ್ಟು ಹೋಗಬೇಕಾಯಿತು. ಆದರೆ ಕೊನೆಗೆ ಎರಡನ್ನೂ ಹಡಗಿನಲ್ಲಿ ಊರಿಗೆ ಕರೆತಂದು ಹುಲ್ಲುಗಾವಲಿಗೆ ಬಿಟ್ಟ. ಅವು 1940ರ ದಶಕದವರೆಗೂ ಬದುಕಿದವು. ನನ್ನ ಮಟ್ಟಿಗೆ ಇಡೀ ಸಾಹಸದಲ್ಲಿ ಮೆಚ್ಚತಕ್ಕದ್ದು ಇದೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಆರಂಭವಾದ ಟೆವಿಸ್ ಕಪ್ ಎಂಬ ಸವಾರಿಯಿದೆ. ಬೆಟ್ಟದ ದಾರಿಯಲ್ಲಿ ನೂರು ಮೈಲು, ಇಪ್ಪತ್ತನಾಲ್ಕು ಗಂಟೆಯೊಳಗೆ. ಸ್ಪರ್ಧೆಯೇ ಹೌದು, ಆದರೂ ದಾರಿಯುದ್ದಕ್ಕೂ ಪಶುವೈದ್ಯರು ಕುಳಿತಿರುತ್ತಾರೆ. ನಾಡಿಬಡಿತ ಇಳಿಯದ, ಕುಂಟುವ ಕುದುರೆಗೆ ಪಯಣ ಅಲ್ಲಿಗೇ ಮುಗಿಯಿತು. ಮೊದಲು ಬಂದ ಹತ್ತರಲ್ಲಿ ಅತಿ ಸುಸ್ಥಿತಿಯಲ್ಲಿರುವ ಕುದುರೆಗೆ ಬೇರೆಯೇ ಒಂದು ಕಪ್ ಉಂಟು.

ಇನ್ನು ನಮ್ಮ ದೇಶದ ಮಾತು. ಊಟಿಗೆ ಹೋದ ನಮ್ಮ ಮಕ್ಕಳು ಕೆರೆಯ ಬಳಿ ಹತ್ತು ನಿಮಿಷ ಕುದುರೆಯೇರಿ ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ಅದರ ಹೆಸರೇನೆಂದು ಕೇಳಿದವರು ಎಷ್ಟು ಮಂದಿ? ಕೇದಾರದ ಕಡಿದಾದ ದಾರಿಯಲ್ಲಂತೂ ಕುದುರೆ, ಹೇಸರಗತ್ತೆಗಳಿಗೆ ಪುಣ್ಯವೂ ಇಲ್ಲ, ವಿಶ್ರಾಂತಿಯೂ ಇಲ್ಲ. 2022ರ ಯಾತ್ರೆಯಲ್ಲಿ ನೂರಕ್ಕೂ ಮಿಕ್ಕಿ ಪ್ರಾಣಿಗಳು ಸತ್ತ ಸುದ್ದಿ ಬಂದಿತ್ತು. ಹೊಟ್ಟೆಪಾಡಿಗಾಗಿ ಲಗಾಮು ಹಿಡಿದು ನಡೆಯುವ ಬಡವನೊಬ್ಬನನ್ನೇ ದೂರಿದರೆ ಸಾಲದು. ಬೇಗ ತಲುಪಿಸು ಎಂದು ಅವಸರಿಸುವವರು, ಬಾಡಿಗೆಗೆ ಚೌಕಾಸಿ ಮಾಡುವವರು ನಾವೇ ತಾನೆ? ದಿನಕ್ಕೆರಡು ಸುತ್ತು ಹೊಡೆಸಿದರೆ ಮಾತ್ರ ಹುರುಳಿ, ಹುಲ್ಲಿನ ಖರ್ಚು ಹುಟ್ಟುವ ಸ್ಥಿತಿಗೆ ಅವನನ್ನು ತಳ್ಳಿದ್ದು ಆ ಚೌಕಾಸಿ.

ಈ ಸಲ ಯಾತ್ರೆಗೋ ಗಿರಿಧಾಮಕ್ಕೋ ಹೊರಟವರು ಹತ್ತುವ ಮುನ್ನ ಜೀನು ಎತ್ತಿ ತೋರಿಸಲು ಹೇಳಿ. ಬೆನ್ನಿನಲ್ಲಿ ಹುಣ್ಣಿದ್ದರೆ ಆ ಕುದುರೆ ಬೇಡ. ಹೆಜ್ಜೆ ಎಳೆಯುತ್ತಿದ್ದರೂ ಬೇಡ. ನೀರಿನ ತೊಟ್ಟಿ ಕಂಡಲ್ಲಿ ನಿಲ್ಲಿಸಿ, ಕಡಿದಾದ ಇಳಿಜಾರಿನಲ್ಲಿ ಇಳಿದು ನಡೆಯಿರಿ. ಲಗಾಮು ಹಿಡಿದವನಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚೇ ಕೊಡಿ, ಮತ್ತು ಕುದುರೆಯ ಹೆಸರು ಕೇಳಿ.