ಉಳಿತಾಯದ ಆ ಒಂದು ವರ್ಷ

ಪಿಯುಸಿ ಫಲಿತಾಂಶ ಬರುತ್ತಿದ್ದಂತೆ ವಕೀಲರ ಫೋನಿಗೆ ಹೊಸ ಬಗೆಯ ಕಕ್ಷಿದಾರರು ಗಂಟುಬೀಳುತ್ತಾರೆ. ಮಗಳ ಮಾರ್ಕ್ಸ್ ಕಾರ್ಡನ್ನು ವಾಟ್ಸಾಪ್ ಮಾಡುವ ಅಪ್ಪ, ತಂಗಿಗೆ ದಾರಿ ತೋರಿಸುವ ಹೊಣೆ ಹೊತ್ತ ಸಾಫ್ಟ್‌ವೇರ್ ಅಣ್ಣ, ಹತ್ತು ವರ್ಷ ಮಾತಿಲ್ಲದೆ ಈಗ ದಿಢೀರನೆ ನೆನಪಾದ ಹೈಸ್ಕೂಲ್ ಗೆಳತಿ. ಇತ್ತೀಚೆಗೆ ಎಲ್ಲರದ್ದೂ ಒಂದೇ ಪ್ರಶ್ನೆ. "ಸೈಕಾಲಜಿನೂ ಲಾನೂ ಸೇರಿಸಿ ಐದೇ ವರ್ಷದಲ್ಲಿ ಮುಗಿಸಿಕೊಡ್ತಾರಂತೆ. ಸೇರಿಸಿಬಿಡೋಣ್ವಾ?" ಆ 'ಐದೇ' ಎಂಬಲ್ಲಿ ಕೊನೆಗೆ ಅಂಟಿಕೊಂಡಿರುವ ಏಕಾರ ಇದೆಯಲ್ಲ, ನನ್ನ ತಕರಾರು ಪೂರ್ತಿ ಅದರ ಮೇಲೆ.

ಎರಡು ವಿಷಯ ಸೇರಿಸುವುದಕ್ಕೆ ನನ್ನ ವಿರೋಧವಿಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ನಮ್ಮ ಕೋರ್ಟುಗಳಲ್ಲಿ ದಿನಾ ನಡೆಯುವುದೇ ಮನಸ್ಸಿನ ವ್ಯವಹಾರ. ಉದ್ದೇಶ ಇತ್ತೋ ಇಲ್ಲವೋ, ಸಾಕ್ಷಿಗೆ ನಿಜವಾಗಿ ನೆನಪಿದೆಯೋ ಯಾರೋ ನೆನಪಿಸಿದ್ದಾರೋ, ಮಗು ಅಮ್ಮನ ಹತ್ತಿರ ಇರ್ತೀನಿ ಅಂದದ್ದು ತನ್ನ ಮಾತೋ ಕಲಿಸಿದ ಮಾತೋ. ಇವನ್ನೆಲ್ಲ ನಾವು ವಕೀಲರು ಅನುಭವದ ಮೇಲೆ, ಅಂದರೆ ಅಂದಾಜಿನ ಮೇಲೆ, ನಿಭಾಯಿಸುತ್ತಿದ್ದೇವೆ. ಮನಶ್ಶಾಸ್ತ್ರ ಕಲಿತ ವಕೀಲರು ಬೇಕೇ ಬೇಕು. ಅದಕ್ಕೇ ಕೇಳ್ತಿರೋದು, ಕಲಿಸ್ತಿದ್ದಾರಾ ಅಂತ.

ಮೊದಲು ಲೆಕ್ಕ. ಪಿಯುಸಿ ನಂತರ ಮೂರು ವರ್ಷ ಸೈಕಾಲಜಿ ಇರುವ ಪದವಿ, ಆಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಒಟ್ಟು ಆರು. ಸಂಯುಕ್ತ ಕೋರ್ಸಿನಲ್ಲಿ ಐದು. ಉಳಿಯುವುದು ಒಂದು ವರ್ಷ. ಬಣ್ಣದ ಬ್ರೋಷರು, ಮೆಟ್ರೋ ಕಂಬದ ಜಾಹೀರಾತು, ಕೌನ್ಸೆಲಿಂಗ್ ಮೇಳ ಎಲ್ಲವೂ ಮಾರುತ್ತಿರುವುದು ಈ ಹನ್ನೆರಡು ತಿಂಗಳನ್ನೇ. ಆ ಒಂದು ವರ್ಷವನ್ನು ಯಾವುದರಿಂದ ಕತ್ತರಿಸಿದರು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಕಾನೂನಿನಿಂದ ಕತ್ತರಿಸಲು ಆಗುವುದಿಲ್ಲ. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಕಡ್ಡಾಯ ಕಾನೂನು ಪತ್ರಿಕೆಗಳೇ 20. ಅದರ ಮೇಲೆ ಡ್ರಾಫ್ಟಿಂಗ್, ಮೂಟ್ ಕೋರ್ಟ್ ತರದ 4 ಪ್ರಾಯೋಗಿಕ ಪತ್ರಿಕೆ, ಆಮೇಲೆ ಐಚ್ಛಿಕಗಳು, ಆನರ್ಸ್ ಬೇಕಾದರೆ ಇನ್ನೊಂದಿಷ್ಟು. ಇಷ್ಟನ್ನು ಮುಟ್ಟುವಂತಿಲ್ಲ. ಮುಟ್ಟಬಹುದಾದ್ದು ಬಿ.ಎ. ಭಾಗ ಮಾತ್ರ. ಹಾಗಾಗಿ ಕತ್ತರಿ ಬೀಳುವುದು ಸೈಕಾಲಜಿಗೆ. ಹುಡುಗಿ ಸೇರಿದ್ದು ಅದರ ಆಸೆಗೆ, ಸಿಗುವುದು ಅದರ ಚೂರು.

ಐದು ವರ್ಷದ ಮಾದರಿ ಹುಟ್ಟಿದ್ದು ಇದಕ್ಕಲ್ಲ ಎನ್ನುವುದನ್ನೂ ನೆನಪಿಡಬೇಕು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 1988ರಲ್ಲಿ ಮಾಧವ ಮೆನನ್ ಅವರ ನೇತೃತ್ವದಲ್ಲಿ ಇದನ್ನು ಶುರು ಮಾಡಿದಾಗ ಗುರಿ ಇದ್ದದ್ದು ಕಾನೂನನ್ನು ಗಂಭೀರ ವೃತ್ತಿ ಶಿಕ್ಷಣವಾಗಿ ಮಾಡುವುದು. ಬೇರೇನೂ ಸಿಗದವರು ಸಂಜೆ ಹೊತ್ತು ಹೋಗಿ ಮುಗಿಸುವ ಡಿಗ್ರಿ ಎಂಬ ಹೆಸರನ್ನು ಅಳಿಸುವುದು. ಸಮಾಜಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರಗಳು ಬಂದದ್ದು ಕಾನೂನನ್ನು ಅರ್ಥಮಾಡಿಕೊಳ್ಳಲು ಊರುಗೋಲಾಗಿ. ಊರುಗೋಲನ್ನೇ ಎರಡನೇ ಕಾಲು ಅಂತ ಮಾರಲು ಹೊರಟದ್ದು ಈಚಿನ ಕಾಲೇಜುಗಳು. ತಮಾಷೆ ಏನು ಗೊತ್ತಾ? ಅದೇ ಲಾ ಸ್ಕೂಲ್ 2022ರಿಂದ ಪದವೀಧರರಿಗಾಗಿ ಮೂರು ವರ್ಷದ ಎಲ್‌ಎಲ್.ಬಿ.ಯನ್ನೂ ನಡೆಸುತ್ತಿದೆ. ಇನ್ನೊಂದು ವಿಷಯವನ್ನು ನಿಧಾನವಾಗಿ ಓದಿಕೊಂಡು ಬಂದವರಿಗೆ ಅಲ್ಲೂ ಬಾಗಿಲು ತೆರೆದಿದೆ.

ಸೈಕಾಲಜಿಯನ್ನು ಥಿಯರಿ ಓದಿ ಪರೀಕ್ಷೆ ಬರೆದು ಮುಗಿಸಬಹುದು ಎಂದುಕೊಂಡವರು ಅದರ ಲ್ಯಾಬನ್ನು ನೋಡಿಲ್ಲ. ಮ್ಯೂಲರ್-ಲೈಯರ್ ಬೋರ್ಡು ಹಿಡಿದು, ಎರಡು ಗೆರೆಗಳು ಸಮ ಎಂದು ಗೊತ್ತಿದ್ದೂ ಒಂದು ಉದ್ದ ಕಾಣುತ್ತದೆ ಎಂಬುದನ್ನು ತನ್ನ ಕಣ್ಣಿನಲ್ಲೇ ಅನುಭವಿಸಿ, ಹತ್ತು ಜನರ ಮೇಲೆ ಪ್ರಯೋಗ ಮಾಡಿ, ಸರಾಸರಿ ತೆಗೆದು, ಬಂದ ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ಎಂದು ಸಂಖ್ಯಾಶಾಸ್ತ್ರದಲ್ಲಿ ಪರೀಕ್ಷಿಸುವುದು ಅಲ್ಲಿನ ಕೆಲಸ. ಮುಂದೆ ವಕೀಲರಾಗುವವರಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ ಕಣ್ರೀ. ಅವಸರದ ಕೋರ್ಸಿನಲ್ಲಿ ಮೊದಲು ಹಾರಿಹೋಗುವುದೇ ಈ ಲ್ಯಾಬು ಮತ್ತು ಈ ಲೆಕ್ಕ. ಉಳಿಯುವುದು ಫ್ರಾಯ್ಡ್ ಬಗ್ಗೆ ಹತ್ತು ಮಾರ್ಕಿನ ಟಿಪ್ಪಣಿ.

ಒಂದು ಉದಾಹರಣೆ ಕೊಡ್ತೀನಿ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. ಕೆಲವರಿಗೆ 'ಅಪ್ಪಳಿಸಿದಾಗ' ಎಂಬರ್ಥದ ಪದ, ಇನ್ನು ಕೆಲವರಿಗೆ 'ತಗುಲಿದಾಗ' ಎಂಬರ್ಥದ್ದು. ಮೊದಲ ಗುಂಪಿನ ಸರಾಸರಿ ಅಂದಾಜು ಗಂಟೆಗೆ 40.8 ಮೈಲಿ, ಎರಡನೆಯದರದ್ದು 31.8. ಬದಲಾಗಿದ್ದು ಪ್ರಶ್ನೆಯೊಳಗಿನ ಒಂದು ಕ್ರಿಯಾಪದ ಮಾತ್ರ. ಉತ್ತರ ಸೂಚಿಸುವ ಪ್ರಶ್ನೆಯನ್ನು ಮುಖ್ಯ ವಿಚಾರಣೆಯಲ್ಲಿ ಕೇಳಬಾರದು ಎಂದು ನಮ್ಮ ಸಾಕ್ಷ್ಯ ಕಾನೂನು ಹಿಂದಿನಿಂದಲೂ ಹೇಳುತ್ತಿದೆ, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 146ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಆದರೆ ಆ ಸಾಕ್ಷಿಗೆ ಅದಕ್ಕೂ ಮೊದಲು ಪೊಲೀಸ್ ಠಾಣೆಯಲ್ಲಿ, ಟಿವಿ ಮೈಕಿನ ಮುಂದೆ, ಊರ ಅರಳಿಕಟ್ಟೆಯಲ್ಲಿ ಯಾವ ಕ್ರಿಯಾಪದದಲ್ಲಿ ಪ್ರಶ್ನೆ ಕೇಳಿದ್ದರು ಎಂದು ಯೋಚಿಸುವ ಅಭ್ಯಾಸ ಕಲಂ ಬಾಯಿಪಾಠದಿಂದ ಬರುವುದಿಲ್ಲ.

ಈಗ ನಿಜಕ್ಕೂ ನೋವಾಗುವ ಜಾಗಕ್ಕೆ ಬರೋಣ. 2015ರ ಬಾಲನ್ಯಾಯ ಕಾಯ್ದೆಯ 15ನೇ ಕಲಂ. ಹದಿನಾರು ದಾಟಿದ ಹುಡುಗನ ಮೇಲೆ ಘೋರ ಅಪರಾಧದ ಆರೋಪ ಬಂದರೆ ಬಾಲನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಅಂಥ ಅಪರಾಧ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತೇ? ಪರಿಣಾಮ ಅರ್ಥವಾಗುತ್ತಿತ್ತೇ? ಯಾವ ಸಂದರ್ಭದಲ್ಲಿ ನಡೆಯಿತು? ಇದೆಲ್ಲ ಮೂರು ತಿಂಗಳೊಳಗೆ. ಉತ್ತರ ಒಂದು ಕಡೆ ವಾಲಿದರೆ ಅವನನ್ನು ಮಗುವಾಗಿಯೇ ನೋಡುತ್ತಾರೆ, ಇನ್ನೊಂದು ಕಡೆ ವಾಲಿದರೆ ವಯಸ್ಕನಂತೆ ವಿಚಾರಣೆ. ಒಬ್ಬ ಹುಡುಗನ ಇಡೀ ಬದುಕು ಒಂದು ಮನಶ್ಶಾಸ್ತ್ರೀಯ ವರದಿಯ ಮೇಲೆ ನಿಂತಿರುತ್ತದೆ. ಆ ವರದಿಯನ್ನು ಬರೆಯುವವರು ಯಾರು, ಅದನ್ನು ಪ್ರಶ್ನಿಸುವ ವಕೀಲರಿಗೆ ಅದನ್ನು ಓದಲು ಬರುತ್ತಾ?

2017ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಎರಡನೇ ತರಗತಿಯ ಮಗುವೊಂದರ ಕೊಲೆಯಾಯಿತು. ಪೊಲೀಸರು ಮೊದಲು ಹಿಡಿದದ್ದು ಬಸ್ ಕಂಡಕ್ಟರನ್ನು. ಆತ ತಪ್ಪೊಪ್ಪಿಕೊಂಡಿದ್ದಾನೆ ಎಂದೂ ಹೇಳಿದರು. ಆಮೇಲೆ ಸಿಬಿಐ ಬಂತು, ಕಂಡಕ್ಟರ್ ನಿರ್ದೋಷಿ ಎಂದಾಯಿತು, ಅದೇ ಶಾಲೆಯ ಹದಿನಾರರ ಹುಡುಗನ ಮೇಲೆ ಆರೋಪ ಬಂತು. ಮಾಡದ ತಪ್ಪನ್ನು ಮನುಷ್ಯ ಯಾಕೆ ಒಪ್ಪಿಕೊಳ್ಳುತ್ತಾನೆ ಎಂಬುದೇ ಒಂದು ಪೂರ್ಣ ಸೆಮಿಸ್ಟರಿನ ವಿಷಯ, ಅದಿರಲಿ. ಹುಡುಗನನ್ನು ವಯಸ್ಕನಂತೆ ವಿಚಾರಿಸಬೇಕೆಂದು ಮಂಡಳಿ ಅದೇ ಡಿಸೆಂಬರ್‌ನಲ್ಲಿ ತೀರ್ಮಾನಿಸಿತು. ಹೈಕೋರ್ಟ್ ಅದನ್ನು ರದ್ದು ಮಾಡಿ ಹೊಸದಾಗಿ ನೋಡಿ ಎಂದಿತು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನು ಎತ್ತಿಹಿಡಿದು ಇನ್ನೊಂದು ಮಾತು ಸೇರಿಸಿತು. ಮನಶ್ಶಾಸ್ತ್ರಜ್ಞರ ನೆರವು 'ಪಡೆಯಬಹುದು' ಎಂದು ಕಾಯ್ದೆಯಲ್ಲಿದ್ದರೂ, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯದ ಪದವಿ ಇರುವವರು ಇಲ್ಲದಿದ್ದರೆ ಅದು ಕಡ್ಡಾಯ. ಒಂದು ಮೌಲ್ಯಮಾಪನ ಸರಿಯಾಗಿ ಆಗಿಲ್ಲ ಎಂದು ಅಂತಿಮವಾಗಿ ಹೇಳಿಸಿಕೊಳ್ಳಲು ನಾಲ್ಕೂವರೆ ವರ್ಷ. ಹೆಚ್ಚುಕಡಿಮೆ ಒಂದು ಸಂಯುಕ್ತ ಪದವಿಯಷ್ಟೇ ಕಾಲ.

ಇಲ್ಲಿ ಬೇಕಾದ ಮನಶ್ಶಾಸ್ತ್ರಜ್ಞರು ಎಷ್ಟು ವರ್ಷದಲ್ಲಿ ತಯಾರಾಗುತ್ತಾರೆ? 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಯಾರು ಎಂದು ವಿವರಿಸುವಾಗ ಹೇಳುವ ಒಂದು ದಾರಿ ಹೀಗಿದೆ: ಸ್ನಾತಕೋತ್ತರ ಪದವಿ, ಅದರ ಮೇಲೆ ಮೇಲ್ವಿಚಾರಣೆಯಲ್ಲಿ ತರಬೇತಿ ಇರುವ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಮೂರು, ಎರಡು, ಎರಡು, ಒಟ್ಟು ಏಳು. ಎಂ.ಫಿಲ್. ಅನ್ನೋ ಹೆಸರನ್ನೇ ಯುಜಿಸಿ ಈಗ ಮೂಲೆಗೆ ಸರಿಸುತ್ತಿದೆ, ನಾಳೆ ಬೇರೆ ಹೆಸರು ಬರಬಹುದು. ಆದರೆ ರೋಗಿಯ ಮುಂದೆ ಹಿರಿಯರ ಕಣ್ಗಾವಲಲ್ಲಿ ಕೂರುವ ಗಂಟೆಗಳಿಗೆ ಬದಲಿ ಇಲ್ಲ. ಐದು ವರ್ಷದಲ್ಲಿ ಎರಡೂ ಕಲಿತು ಬಂದ ಇಪ್ಪತ್ತೆರಡರ ಹುಡುಗಿ ವಿಸಿಟಿಂಗ್ ಕಾರ್ಡಿನಲ್ಲಿ ಏನಂತ ಬರೆಸಿಕೊಳ್ಳಬೇಕು? ವಕೀಲೆ ಅಂತ ಖಂಡಿತ. ಸೈಕಾಲಜಿಸ್ಟ್ ಅಂತ ಬರೆಸಿದರೆ ಅದು ಸುಳ್ಳು. ಬ್ರೋಷರು ಮಾತ್ರ 'ಕ್ರಿಮಿನಲ್ ಪ್ರೊಫೈಲರ್' ಆಗ್ತೀರಿ ಅನ್ನುತ್ತದೆ. ವೆಬ್ ಸೀರೀಸ್ ಬಿಟ್ಟರೆ ಆ ಹುದ್ದೆಗೆ ಅರ್ಜಿ ಕರೆದಿದ್ದನ್ನು ನಾನಂತೂ ನೋಡಿಲ್ಲ.

ಅರೆಬೆಂದ ಮನಶ್ಶಾಸ್ತ್ರ ಕೋರ್ಟಿಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಎರಡು ಸಾವಿರದ ಮೊದಲ ದಶಕದಲ್ಲಿ ದೇಶದ ಯಾವ ಮೂಲೆಯಲ್ಲಿ ದೊಡ್ಡ ಕೇಸಾದರೂ ಆರೋಪಿಯನ್ನು ಮಂಪರು ಪರೀಕ್ಷೆಗೆ ನಮ್ಮೂರಿಗೆ ಕರೆತರುತ್ತಿದ್ದರು. ಛಾಪಾ ಕಾಗದ ಹಗರಣದ ತೆಲಗಿ ಮಂಪರಿನಲ್ಲಿ ತೊದಲಿದ್ದು ಟಿವಿಯಲ್ಲೂ ಬಂತು. ಜೊತೆಗೆ ಬ್ರೈನ್ ಮ್ಯಾಪಿಂಗ್. ಅದರ ಒಂದು ದೇಸಿ ರೂಪವನ್ನು ರೂಪಿಸಿದ್ದು ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದ್ದ ವಿಜ್ಞಾನಿಯೇ, ಅದನ್ನು ಪುರಾವೆಯಾಗಿ ಒಪ್ಪಿ 2008ರಲ್ಲಿ ಪುಣೆಯ ನ್ಯಾಯಾಲಯ ಶಿಕ್ಷೆಯನ್ನೂ ಕೊಟ್ಟಿತು. ಇದೆಲ್ಲ ಅವೈಜ್ಞಾನಿಕ ಎಂದು ವರದಿ ಕೊಟ್ಟ ಸಮಿತಿಯ ಮುಖ್ಯಸ್ಥರೂ ನಿಮ್ಹಾನ್ಸ್‌ನ ನಿರ್ದೇಶಕರೇ. ಕೊನೆಗೆ 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಈ ಯಾವ ಪರೀಕ್ಷೆಯನ್ನೂ ಮಾಡುವಂತಿಲ್ಲ ಎಂದಿತು. ಅಲ್ಲಿಯವರೆಗೆ ಎಷ್ಟು ವಕೀಲರು ಎದ್ದು ನಿಂತು "ಸ್ವಾಮಿ, ಈ ಯಂತ್ರ ತಪ್ಪು ಹೇಳುವ ಪ್ರಮಾಣ ಎಷ್ಟು?" ಎಂದು ಕೇಳಿದ್ದರು? ಆ ಪ್ರಶ್ನೆ ಹುಟ್ಟುವುದು ಲ್ಯಾಬಿನಲ್ಲಿ, ಆ ಬೋರ್ಡಿನ ಗೆರೆ ಅಳೆದವರಿಗೆ.

ಸರಿಯಾಗಿ ಮಾಡಿದವರೂ ಇದ್ದಾರೆ. ಮರಣದಂಡನೆಗೆ ಗುರಿಯಾದ ಕೈದಿಗಳ ಮಾನಸಿಕ ಆರೋಗ್ಯದ ಬಗ್ಗೆ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಪ್ರಾಜೆಕ್ಟ್ 39ಎ 2021ರಲ್ಲಿ ವರದಿ ಹೊರತಂದಾಗ, ಕಾನೂನಿನವರು ಸೈಕಾಲಜಿಸ್ಟ್ ವೇಷ ಹಾಕಲಿಲ್ಲ. ನಿಮ್ಹಾನ್ಸ್‌ನ ಪ್ರತಿಮಾ ಮೂರ್ತಿಯವರ ಮಾರ್ಗದರ್ಶನ ಪಡೆದು, ವರ್ಷಗಟ್ಟಲೆ ಕೂತು ಕೆಲಸ ಮಾಡಿದರು. ಅಧ್ಯಯನ ಮಾಡಿದ ಕೈದಿಗಳಲ್ಲಿ ಶೇ. 62.2ರಷ್ಟು ಮಂದಿಗೆ ಕನಿಷ್ಠ ಒಂದು ಮಾನಸಿಕ ಕಾಯಿಲೆ ಇತ್ತು. ಮರುವರ್ಷ, 2022ರ ಮೇನಲ್ಲಿ, ಗಲ್ಲು ವಿಧಿಸುವ ಮೊದಲು ಆರೋಪಿಯ ಮಾನಸಿಕ ಮೌಲ್ಯಮಾಪನದ ವರದಿಯನ್ನು ವಿಚಾರಣಾ ನ್ಯಾಯಾಲಯವೇ ತರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ ಮನೋಜ್ ಪ್ರಕರಣದಲ್ಲಿ ಹೇಳಿತು. ಇನ್ನು ಮುಂದೆ ಜಿಲ್ಲಾ ಕೋರ್ಟುಗಳಲ್ಲಿ ಇಂಥ ವರದಿ ಓದಬಲ್ಲವರು ಬೇಕು.

"ನಿಮಗೇನು, ಹೇಳ್ತೀರಿ, ಒಂದು ವರ್ಷ ಅಂದ್ರೆ ಕಮ್ಮಿನಾ?" ಅನ್ನುವವರ ಮಾತು ನನಗೆ ಕೇಳಿಸುತ್ತೆ. ಕಮ್ಮಿಯೇನಲ್ಲ. ಬೆಂಗಳೂರಿನ ಪಿಜಿ ಬಾಡಿಗೆ, ಮೆಸ್ಸು, ಫೀಸು, ಸಾಲದ ಕಂತು. ಹಾಸನದಲ್ಲೋ ಹಾವೇರಿಯಲ್ಲೋ ಅಪ್ಪ ಒಬ್ಬರ ದುಡಿಮೆಯ ಮನೆಗೆ ಹನ್ನೆರಡು ತಿಂಗಳು ದೊಡ್ಡದು. ಅದನ್ನು ಗೇಲಿ ಮಾಡುವಷ್ಟು ಕೊಬ್ಬು ನನಗಿಲ್ಲ. ಆದರೆ ಖಾಸಗಿ ಸಂಯುಕ್ತ ಕೋರ್ಸಿನ ಐದು ವರ್ಷದ ಫೀಸನ್ನೂ, ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಮೂರು ಪ್ಲಸ್ ಮೂರರ ಫೀಸನ್ನೂ ಪಕ್ಕಪಕ್ಕ ಬರೆದು ನೋಡಿ. ಉಳಿದದ್ದು ವರ್ಷವೋ ದುಡ್ಡೋ ಅಂತ ಗೊತ್ತಾಗುತ್ತೆ.

ಇನ್ನೊಂದು ಕಾರಣವನ್ನು ಯಾರೂ ಜೋರಾಗಿ ಹೇಳುವುದಿಲ್ಲ. "ಬೇಗ ಮುಗಿದರೆ ಒಳ್ಳೇದಲ್ವಾ, ಹುಡುಗಿ ಬೇರೆ." ಗಂಡುಮಗ ಎರಡು ವರ್ಷ ಕೋಚಿಂಗ್ ಅಂತ ಧಾರವಾಡದಲ್ಲೋ ವಿಜಯನಗರದಲ್ಲೋ ಕೂತರೆ ಅದು ತಪಸ್ಸು. ಮಗಳು ಒಂದು ವರ್ಷ ಹೆಚ್ಚು ಓದಿದರೆ ತಡ. ಹಾಗೆ ಉಳಿಸಿದ ವರ್ಷ ಅವಳ ಖಾತೆಗೆ ಜಮಾ ಆಗುವುದೇ ಇಲ್ಲ, ಕಲ್ಯಾಣಮಂಟಪದ ಮುಂಗಡ ಬುಕಿಂಗಿಗೆ ಹೋಗುತ್ತೆ.

ಅಮೆರಿಕದಲ್ಲೂ ಇದೆಯಲ್ಲ ಅಂತ ಉದಾಹರಣೆ ಕೊಡುವವರಿದ್ದಾರೆ. ಇದೆ. ಅಲ್ಲಿ ನಾಲ್ಕು ವರ್ಷದ ಪದವಿ, ಮೂರು ವರ್ಷದ ಲಾ ಸೇರಿ ಏಳಾಗುವುದನ್ನು ಕೆಲವು ಕಡೆ ಆರಕ್ಕೆ ಇಳಿಸುತ್ತಾರೆ. ಆದರೆ ಅದೇ ದೇಶದಲ್ಲಿ ಕಾನೂನು ಮತ್ತು ಮನಶ್ಶಾಸ್ತ್ರವನ್ನು ನಿಜವಾಗಿ ಬೆಸೆಯಲು ಹೊರಟ ನೆಬ್ರಾಸ್ಕಾ ವಿಶ್ವವಿದ್ಯಾಲಯ 1970ರ ದಶಕದಲ್ಲಿ ಕಟ್ಟಿದ್ದು ಲಾ ಪದವಿಯ ಜೊತೆ ಪಿಎಚ್.ಡಿ. ಅವಸರದ ಮಾದರಿಯನ್ನು ಮಾತ್ರ ಆಮದು ಮಾಡಿಕೊಂಡು ಇದನ್ನು ಬಂದರಿನಲ್ಲೇ ಬಿಟ್ಟು ಬಂದಿದ್ದೇವೆ.

ಬಾರ್ ಕೌನ್ಸಿಲ್‌ಗೂ ಒಂದು ಮಾತು. ನಿಮ್ಮ 2008ರ ನಿಯಮಗಳ 13ನೆಯದು, ಸಂಯುಕ್ತ ಕೋರ್ಸಿನ ನಡುವೆ ಪದವಿ ಕೊಟ್ಟು ಹೊರಬಿಡುವಂತಿಲ್ಲ ಎನ್ನುತ್ತದೆ. ಮೂರನೇ ವರ್ಷದಲ್ಲಿ "ನನಗೆ ಲಾ ಬೇಡ, ಮನಸ್ಸಿನ ಕೆಲಸವೇ ಬೇಕು" ಎಂದು ಅರಿವಾದ ಹುಡುಗಿ ಎರಡು ವರ್ಷ ಇಷ್ಟವಿಲ್ಲದ್ದನ್ನು ಓದಬೇಕು, ಇಲ್ಲವೇ ಬರಿಗೈಯಲ್ಲಿ ಎದ್ದು ಹೋಗಬೇಕು. ಹದಿನೇಳರಲ್ಲಿ ಹಾಕಿದ ಸಹಿಗೆ ಇಷ್ಟು ದೊಡ್ಡ ದಂಡವೇ? ಆ ನಿಯಮ ತಿದ್ದುವುದು ನಿಮ್ಮ ಕೈಯಲ್ಲೇ ಇದೆ.

ಅದಾಗುವವರೆಗೆ, ಸೇರಲೇಬೇಕೆಂದಿರುವವರು ಕಾಲೇಜಿಗೆ ಹೋಗಿ ಕೇಳಿ. ಸೈಕಾಲಜಿಯ ಎಷ್ಟು ಪತ್ರಿಕೆ ಇದೆ, ಸಂಖ್ಯಾಶಾಸ್ತ್ರ ಅದರಲ್ಲಿದೆಯಾ? ಲ್ಯಾಬ್ ತೋರಿಸಿ ಅನ್ನಿ, ಬೀಗ ತೆಗೆಯಲು ಎಷ್ಟು ಹೊತ್ತು ಹಿಡಿಯುತ್ತೆ ಅಂತಲೂ ಗಮನಿಸಿ. ಪಾಠ ಮಾಡುವವರು ಸೈಕಾಲಜಿಯವರೋ, ಬಿಡುವಿದ್ದ ಲಾ ಲೆಕ್ಚರರೋ? ಕೊನೆಗೆ, ಈ ಪದವಿಯ ಮೇಲೆ ಸೈಕಾಲಜಿ ಎಂ.ಎಸ್ಸಿ.ಗೆ ಸೀಟು ಪಡೆದ ನಿಮ್ಮ ಹಳೇ ವಿದ್ಯಾರ್ಥಿಗಳು ಎಷ್ಟು, ಯಾವ ವಿಶ್ವವಿದ್ಯಾಲಯದಲ್ಲಿ ಎಂದು ಬರವಣಿಗೆಯಲ್ಲಿ ಕೇಳಿ. ಉತ್ತರ ಇಮೇಲಿಗೆ ಬಂದ ಮೇಲೆ ಅರ್ಜಿ ಫೀಸು ಕಟ್ಟಿದರೆ ಸಾಕು.