ಮಕ್ಕಳ ವಾರ್ಡಿನಲ್ಲಿ ನಮ್ಮ ಜಾಣಕುರುಡು

ಮಗುವಿಗೆ ಜ್ವರ ಏರಿದರೆ ಬೆಂಗಳೂರಿನ ಇಂದಿರಾನಗರದಲ್ಲಿರಲಿ, ಕೆ.ಆರ್. ಪುರದಲ್ಲಿರಲಿ, ತಂದೆತಾಯಿಗಳಾದ ನಾವು ಮೊದಲು ಹುಡುಕುವುದು ಡಾಕ್ಟರ ಹೆಸರು. ಎಲ್ಲಿ ಓದಿದರು, ಎಷ್ಟು ವರ್ಷದ ಅನುಭವ ಎಂದು ಮೊಬೈಲಿನಲ್ಲಿ ಜಾಲಾಡುತ್ತೇವೆ. ಆ ಡಾಕ್ಟರು ರೌಂಡ್ಸಿಗೆ ಬಂದು ಮಂಚದ ಬಳಿ ನಿಲ್ಲುವುದು ಕೆಲವೇ ನಿಮಿಷ. ಉಳಿದ ಇಡೀ ಹಗಲು, ಇಡೀ ರಾತ್ರಿ ಮಗುವಿನ ಉಸಿರನ್ನು ಕಾಯುವವಳು ನರ್ಸ್. ಅವಳು ಏನು ಓದಿದ್ದಾಳೆ? ಮಕ್ಕಳ ವಾರ್ಡಿಗೆ ಬಂದು ಎಷ್ಟು ದಿನವಾಯಿತು? ಈ ರಾತ್ರಿ ಎಷ್ಟು ಮಕ್ಕಳು ಅವಳ ಪಾಲಿಗೆ? ನಾವು ಕೇಳುವುದಿಲ್ಲ. ಕೇಳಿದರೆ ಬರುವ ಉತ್ತರ ನೆಮ್ಮದಿ ಕೆಡಿಸುತ್ತದೆಂದು ಗೊತ್ತಿದ್ದೇ ಕೇಳುವುದಿಲ್ಲ.

ದೊಡ್ಡವರ ಶುಶ್ರೂಷೆ ಬಲ್ಲವಳು ಮಕ್ಕಳದ್ದನ್ನೂ ಹೇಗೋ ನಿಭಾಯಿಸುತ್ತಾಳೆ ಎಂಬ ನಂಬಿಕೆ ನಮ್ಮ ಸೋಮಾರಿತನದ ಕೂಸು. ಮೂರು ಕೆಜಿ ತೂಗುವ ಹಸುಗೂಸಿನ ಮೈಯಲ್ಲಿರುವ ರಕ್ತವೆಲ್ಲ ಸೇರಿ ಸುಮಾರು 240 ಮಿ.ಲೀ. ಸೋಂಕಿಗೆ ಕೊಡುವ ಜೆಂಟಾಮೈಸಿನ್ ಬರುವ ವಯಲಿನಲ್ಲಿ ಸಾಮಾನ್ಯವಾಗಿ 2 ಮಿ.ಲೀ.ಗೆ 80 ಮಿ.ಗ್ರಾಂ ಮದ್ದಿರುತ್ತದೆ. ಕೆಜಿಗೆ 5 ಮಿ.ಗ್ರಾಂ ಲೆಕ್ಕ ಹಿಡಿದರೆ ಆ ಕೂಸಿಗೆ ಬೇಕಾದದ್ದು 15 ಮಿ.ಗ್ರಾಂ, ಸಿರಿಂಜಿನಲ್ಲಿ 0.375 ಮಿ.ಲೀ. ಗೆರೆ ಹೆಚ್ಚುಕಡಿಮೆಯಾದರೆ ಹೊಡೆತ ಬೀಳುವುದು ಮೂತ್ರಪಿಂಡಕ್ಕೆ, ಕಿವಿಗೆ. ಉಸಿರಿನ ಲೆಕ್ಕವೂ ಹಾಗೆಯೇ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಮುಟ್ಟಿತೆಂದರೆ ಅಪಾಯದ ಸೂಚನೆ. ಅಂಗಿ ಎತ್ತಿ, ಅಳದಿರುವಾಗ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಪಕ್ಕೆ ಒಳಕ್ಕೆ ಸೆಳೆಯುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ನರಳಾಟ ಕೇಳುತ್ತಿದೆಯೇ ಎಂದು ನೋಡಬೇಕು. ಮೊನ್ನೆಯವರೆಗೆ ಆರ್ಥೋ ವಾರ್ಡಿನಲ್ಲಿದ್ದು ಇವತ್ತಿನ ಡ್ಯೂಟಿ ರೋಸ್ಟರಿನಲ್ಲಿ ಮಕ್ಕಳ ಐಸಿಯುಗೆ ತಳ್ಳಲ್ಪಟ್ಟ ಹುಡುಗಿಗೆ ಈ ಕಣ್ಣು ರಾತ್ರೋರಾತ್ರಿ ಬರುವುದಿಲ್ಲ. ವೆಂಟಿಲೇಟರಿನ ಮೇಲಿರುವ ಪ್ರತಿ ರೋಗಿಗೂ ಒಬ್ಬ ನರ್ಸ್ ಇರಬೇಕೆಂಬ ನಿಯಮ ಕಾಗದದ ಮೇಲಿದೆ. ಕಾಗದ ಕಡತದಲ್ಲಿದೆ.

ಓದಿದವರು ಇಲ್ಲವೇ? ಇದ್ದಾರೆ. ನಮ್ಮ ತಪ್ಪು ಇನ್ನೂ ಹೇಯವಾಗುವುದು ಅಲ್ಲಿಯೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದೇ ಊರಿನಲ್ಲಿ 1996ರಲ್ಲಿ ಹುಟ್ಟಿತು. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವಿದೆ. ಬಿ.ಎಸ್ಸಿ. ಮುಗಿಸಿ, ವರ್ಷವಾದರೂ ಕೆಲಸ ಮಾಡಿ, ಮತ್ತೆರಡು ವರ್ಷ ಮಕ್ಕಳ ಶುಶ್ರೂಷೆಯನ್ನೇ ಓದಿ ಎಂ.ಎಸ್ಸಿ. ಪಡೆದವರು ಪ್ರತಿವರ್ಷ ಹೊರಬರುತ್ತಾರೆ. ಅವರು ಮಗುವಿನ ಬಳಿಗೆ ಮರಳುವುದು ಅಪರೂಪ. ಕಾಲೇಜಿನಲ್ಲಿ ಪಾಠ ಹೇಳಲು ಎಂ.ಎಸ್ಸಿ. ಬೇಕು. ಮಂಚದ ಬಳಿ ನಿಲ್ಲಲು ಅದಕ್ಕೆ ಪ್ರತ್ಯೇಕ ಹುದ್ದೆಯಿಲ್ಲ, ಸಂಬಳವಿಲ್ಲ, ಮಾತಿಗೆ ತೂಕವಿಲ್ಲ. ಹೀಗೆ ಹೆಚ್ಚು ಬಲ್ಲವಳು ಕಪ್ಪು ಹಲಗೆಯ ಮುಂದೆ, ಏನೂ ತಿಳಿಯದವಳು ನೈಟ್ ಡ್ಯೂಟಿಯಲ್ಲಿ. ಈ ತಲೆಕೆಳಗಾದ ವ್ಯವಸ್ಥೆಯನ್ನು ಸ್ವಾಭಾವಿಕವೆಂದು ಒಪ್ಪಿ ಕೂತವರು ನಾವು. ಹುಡುಗಿಯರು ತರಗತಿಗೆ ಕಾಲಿಡದೆಯೇ ಹಾಜರಾತಿ ಬೀಳುವ ‘ನಾನ್ ಅಟೆಂಡಿಂಗ್’ ದಂಧೆ ಈ ನಗರದಲ್ಲಿದೆಯೆಂದು ಗೊತ್ತಿದ್ದೂ, ಆ ಕಾಲೇಜುಗಳ ಬೋರ್ಡುಗಳ ಕೆಳಗೇ ದಿನವೂ ಓಡಾಡುವವರೂ ನಾವೇ.

1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ನರ್ಸ್ ಪ್ರಾಕ್ಟೀಷನರ್ ಎಂಬ ತರಬೇತಿ ಕಟ್ಟಿದರು. ಮಗುವನ್ನು ತಾನೇ ಪರೀಕ್ಷಿಸಿ ತೀರ್ಮಾನ ಕೈಗೊಳ್ಳಬಲ್ಲ ನರ್ಸ್ ಅಲ್ಲಿ ಸಿದ್ಧಳಾದಳು. ಆ ವೃತ್ತಿ ಜಗತ್ತಿನಲ್ಲಿ ಹುಟ್ಟಿದ್ದೇ ಮಕ್ಕಳಿಗಾಗಿ ಎಂಬುದನ್ನು ಗಮನಿಸಬೇಕು. ನಮ್ಮ ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರ ನಿಗಾ ಘಟಕಗಳಿಗೆಂದು ಅಂಥ ಸ್ನಾತಕೋತ್ತರ ಕೋರ್ಸ್ ತಂದದ್ದು ಅರ್ಧ ಶತಮಾನ ಕಳೆದು, 2016ರ ಸುಮಾರಿಗೆ. ಹೆರಿಗೆ ನೋಡಿಕೊಳ್ಳುವ ಇಂಥ ನರ್ಸುಗಳಿಗೆಂದು ಮಾರ್ಗಸೂಚಿ ಬಂದದ್ದು 2018ರಲ್ಲಿ. ಕೋರ್ಸ್ ಬಂದರೆ ಸಾಲದು, ಕಲಿತವಳಿಗೆ ಅಧಿಕಾರವಿರುವ ಕುರ್ಚಿ ಬೇಕು. ಅದನ್ನು ಕೊಡಲು ಎಷ್ಟು ಆಸ್ಪತ್ರೆಗಳು ಮುಂದೆ ಬಂದವು?

ಒಂದು ಕಾಲದ ಕಂಟೋನ್ಮೆಂಟಿನಲ್ಲಿ ಬಡತನವಿತ್ತು, ಪ್ಲೇಗ್ ಇತ್ತು. ಆದರೂ ಬೌರಿಂಗ್ ಆಸ್ಪತ್ರೆಯ ಜೊತೆಗೆ ಹೆಂಗಸರಿಗೆಂದು ಲೇಡಿ ಕರ್ಜನ್ ಆಸ್ಪತ್ರೆ ಎದ್ದಿತು. ಪರದೆಯ ಹೆಂಗಸರು ಹೆರಿಗೆಗೆ ಹೊರಬರಲಾರರೆಂದು ಅರಿತು ಹಾಜಿ ಸರ್ ಇಸ್ಮಾಯಿಲ್ ಸೇಠರು ಶಿವಾಜಿನಗರಕ್ಕೆ ಘೋಷಾ ಆಸ್ಪತ್ರೆ ಕೊಟ್ಟರು. ಒಂದೇ ವಾರ್ಡಿನಲ್ಲಿ ಕೂದಲು ನರೆಯುವವರೆಗೆ ನಿಂತ ಸಿಸ್ಟರುಗಳನ್ನು ಹಲಸೂರಿನ ಹಿರಿಯರು ಇಂದೂ ನೆನೆಯುತ್ತಾರೆ. ಅವರಿಗೆ ದೊಡ್ಡ ಡಿಗ್ರಿ ಇರಲಿಲ್ಲ, ಅನುಭವವಿತ್ತು. ನಮಗೆ ಡಿಗ್ರಿಯೂ ಸಿಕ್ಕಿದೆ, ಹಣವೂ ಇದೆ, ಹಳೆ ಏರ್‌ಪೋರ್ಟ್ ರಸ್ತೆಯುದ್ದಕ್ಕೂ ಗಾಜಿನ ಆಸ್ಪತ್ರೆಗಳಿವೆ. ಅಡ್ಮಿಷನ್ ಕೌಂಟರಿನಲ್ಲಿ ನಾವು ವಿಚಾರಿಸುವುದು ಮಾತ್ರ ಸೆಮಿ ಪ್ರೈವೇಟೋ ಡೀಲಕ್ಸೋ, ಇನ್ಶೂರೆನ್ಸ್ ಎಷ್ಟು ಕವರ್ ಮಾಡುತ್ತದೆ ಎಂದು.

ಮತ್ತೆ ವಾರ್ಡಿನ ನರ್ಸ್ ಹುಡುಗಿಗೆ ಕನ್ನಡ ಬರುವುದಿಲ್ಲವೆಂದು ಗೊಣಗುತ್ತೇವೆ. ಬರುವುದಾದರೂ ಹೇಗೆ? ನಮ್ಮ ಮಗಳು ಎಂಜಿನಿಯರ್ ಆಗಲಿ, ಡಾಕ್ಟರಾಗಲಿ, ನರ್ಸ್ ಮಾತ್ರ ಬೇಡ ಎಂದು ಮೂಗು ಮುರಿದವರು ನಾವು. ಕೇರಳದಿಂದ, ಈಶಾನ್ಯದಿಂದ ಬಂದವರ ಹೆಗಲಿಗೆ ನಮ್ಮ ಮಕ್ಕಳ ಜೀವ ಹೊರಿಸಿದ್ದೇವೆ. ಖಾಸಗಿ ಆಸ್ಪತ್ರೆಗಳ ನರ್ಸುಗಳ ಸಂಬಳ ಸುಧಾರಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2016ರಲ್ಲಿ. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದು ತಜ್ಞರ ಸಮಿತಿ ಶಿಫಾರಸು ಮಾಡಿತು. ಅದನ್ನೂ ಕೊಡದವರು, ಅವಳು ಗಲ್ಫಿಗೋ ಬ್ರಿಟನ್ನಿಗೋ ಹಾರಿದಾಗ ನಿಷ್ಠೆಯ ಮಾತಾಡುತ್ತಾರೆ. ನಾಚಿಕೆಯಾಗಬೇಕು.

ಈ ಅಸಡ್ಡೆಯ ಬೆಲೆ ಸಾವಿನ ಲೆಕ್ಕದಲ್ಲಿ ಬರುತ್ತದೆ. ಸಂಶೋಧಕಿ ಲಿಂಡಾ ಐಕನ್ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ 4 ಲಕ್ಷಕ್ಕೂ ಮಿಕ್ಕ ರೋಗಿಗಳ ದಾಖಲೆ ಅಳೆದು 2014ರಲ್ಲಿ ಪ್ರಕಟಿಸಿದರು. ಒಬ್ಬ ನರ್ಸಿಗೆ ಒಬ್ಬ ರೋಗಿ ಹೆಚ್ಚಾದರೆ ಸಾವಿನ ಸಂಭವ ಶೇ. 7ರಷ್ಟು ಏರುತ್ತದೆ, ಪದವೀಧರ ನರ್ಸುಗಳ ಪಾಲು ಶೇ. 10ರಷ್ಟು ಹೆಚ್ಚಿದರೆ ಶೇ. 7ರಷ್ಟು ಇಳಿಯುತ್ತದೆ. ಅವರೆಲ್ಲ ವಯಸ್ಕರು. ನೋವನ್ನು ಬಾಯಿಬಿಟ್ಟು ಹೇಳಲಾರದ ಕೂಸಿನ ವಿಷಯದಲ್ಲಿ ನರ್ಸಿನ ಕಣ್ಣು ಇನ್ನೆಷ್ಟು ಮುಖ್ಯವೆಂದು ಯಾರೂ ವಿವರಿಸಬೇಕಾಗಿಲ್ಲ.

ಈ ವರ್ಷ ಪೀಡಿಯಾಟ್ರಿಕ್ ನರ್ಸಿಂಗಿನಲ್ಲಿ ಎಂ.ಎಸ್ಸಿ. ಮುಗಿಸುವವಳ ಮುಂದಿರುವುದು ಕಾಲೇಜಿನ ಸ್ಟಾಫ್ ರೂಮು, ಇಲ್ಲವೇ ದೇವನಹಳ್ಳಿಯ ವಿಮಾನ. ಮೂರನೆಯ ದಾರಿಯನ್ನು ಸರ್ಕಾರ ಸರ್ ಸಿ.ವಿ. ರಾಮನ್ ಆಸ್ಪತ್ರೆಯಲ್ಲಿ, ಬೌರಿಂಗಿನಲ್ಲಿ ತೆರೆಯಬೇಕು. ಮಕ್ಕಳ ವಾರ್ಡಿಗೆಂದೇ ಪರಿಣತ ನರ್ಸಿನ ಹುದ್ದೆ, ಅದಕ್ಕೆ ತಕ್ಕ ವೇತನ ಶ್ರೇಣಿ, ವರ್ಗಾವಣೆಯ ನೆಪದಲ್ಲಿ ಅವಳನ್ನು ಬೇರೆ ವಾರ್ಡಿಗೆ ಎಳೆಯದ ಆದೇಶ ಬೇಕು. ಖಾಸಗಿಯವರು ಲಾಬಿಯ ಗ್ರಾನೈಟಿಗೆ ಸುರಿದ ಹಣದಲ್ಲಿ ಒಂದು ಪಾಲನ್ನಾದರೂ ಇದಕ್ಕೆ ತೆಗೆದಿಡಬೇಕು. ಬಿಲ್ ಕಟ್ಟುವ ನಾವು, ತೆಗೆದಿಡುವವರೆಗೆ ಕೌಂಟರ್ ಬಿಟ್ಟು ಕದಲಬಾರದು.