ಪದವಿನಂಚಿನಲ್ಲಿ ನಿಂತ ಆವ್ರೊ

ಮನೆಯಲ್ಲಿ ಮಕ್ಕಳ ಭೂಪಟವಿದ್ದರೆ ಅದನ್ನು ಮೇಜಿನ ಮೇಲೆ ಹರಡಿ, ಬೆಂಗಳೂರಿನಿಂದ ಮಂಗಳೂರಿಗೆ ಅಡಿಕೋಲನ್ನಿಟ್ಟು ಒಂದು ಗೆರೆಯನ್ನೆಳೆದು ನೋಡಬೇಕು. ಗೆರೆ ಓರೆಯಾಗುವುದಿಲ್ಲ. ಎರಡು ಊರುಗಳೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲೆ, ಹದಿಮೂರು ಡಿಗ್ರಿಗೆ ಕೂದಲೆಳೆಯಷ್ಟು ಕೆಳಗೆ ಕುಳಿತಿವೆ. ಹಾಸನವನ್ನು ಸೋಕಿ, ಘಟ್ಟವನ್ನು ದಾಟಿ ಆ ಗೆರೆ ಇಳಿಯುವುದು ಬೆಳ್ತಂಗಡಿಯ ಸೀಮೆಗೆ. ಅಲ್ಲಿಂದ ಮುಂದೆ ಬಲಕ್ಕೆ ಮೂಡುಬಿದಿರೆ, ಎಡಕ್ಕೆ ಬಂಟ್ವಾಳ. ಇವೆರಡರ ನಡುವೆ ನುಸುಳಿದರೆ ಬಜಪೆಯ ವಿಮಾನ ನಿಲ್ದಾಣ. ಬಸ್ಸಿನ ಪ್ರಯಾಣಿಕನಿಗೆ ಇವು ಬೇರೆ ಬೇರೆ ದಾರಿಗಳ ಮೇಲಿರುವ ಮೂರು ಊರುಗಳು. ಆಕಾಶಮಾರ್ಗವಾಗಿ ಬರುವವನಿಗಾದರೋ ಒಂದೇ ಮನೆಯ ಬಾಗಿಲು: ಬೆಳ್ತಂಗಡಿ ಅದರ ಹೊಸ್ತಿಲು, ಉಳಿದೆರಡು ಅದರ ತೋಳುಗಳು.

ಈ ಬಾಗಿಲಿನಿಂದ ಬಹುಕಾಲ ಬಂದುಹೋದ ವಿಮಾನಕ್ಕೆ ಆವ್ರೊ ಎಂದು ಹೆಸರು.

ಅದಕ್ಕೂ ಮೊದಲು ಬಂದದ್ದು ಡಕೋಟ. 1951ರ ಡಿಸೆಂಬರ್ 25ರಂದು ಪಂಡಿತ ನೆಹರೂ ಅಂಥದೊಂದು ವಿಮಾನದಲ್ಲಿಯೇ ಬಂದಿಳಿದು ಬಜಪೆಯ ನಿಲ್ದಾಣವನ್ನು ಉದ್ಘಾಟಿಸಿದರು. ಡಕೋಟ ಯುದ್ಧಪೂರ್ವದ ಯಂತ್ರ. ಗಟ್ಟಿ, ಆದರೆ ಮುದಿ. ಅದರ ಸ್ಥಾನವನ್ನು ತುಂಬಬಲ್ಲ ವಿಮಾನಕ್ಕಾಗಿ ಜಗತ್ತಿನ ಕಂಪೆನಿಗಳೆಲ್ಲ ತಲೆ ಕೆಡಿಸಿಕೊಂಡಿದ್ದ ದಿನಗಳವು. ಇಂಗ್ಲೆಂಡಿನ ಆವ್ರೊ ಕಂಪೆನಿ ಬಾಂಬರುಗಳನ್ನು ಕಟ್ಟಿ ಹೆಸರಾದದ್ದು. 1957ರಲ್ಲಿ ಬ್ರಿಟಿಷ್ ಸರಕಾರವು ತನ್ನ ರಕ್ಷಣಾನೀತಿಯನ್ನು ಬದಲಿಸಿದಾಗ, ಮುಂದೆ ಯುದ್ಧವಿಮಾನಗಳನ್ನೇ ನಂಬಿ ಬದುಕಲಾಗದೆಂದು ಕಂಡು ಅದು ಪ್ರಯಾಣಿಕರ ಕಡೆಗೆ ತಿರುಗಿತು. ಹಾಗೆ ಹುಟ್ಟಿದ 748 ಎಂಬ ವಿಮಾನವು ಮೊದಲ ಬಾರಿಗೆ ಹಾರಿದ್ದು 1960ರ ಜೂನ್ 24ರಂದು. ಕಂಪೆನಿ ಆಮೇಲೆ ಹಾಕರ್ ಸಿಡ್ಲಿಯ ಹೆಸರಿನಲ್ಲಿ ಕರಗಿಹೋಯಿತು. ನಮ್ಮ ದೇಶದ ಬಾಯಲ್ಲಿ ಮಾತ್ರ ವಿಮಾನವು ಕಡೆಯವರೆಗೂ ಆವ್ರೊ ಆಗಿಯೇ ಉಳಿಯಿತು.

ಅದನ್ನು ಇಂಗ್ಲೆಂಡಿನ ವಿಮಾನವೆಂದು ಕರೆಯುವುದೂ ಪೂರ್ಣ ನ್ಯಾಯವಲ್ಲ. ಕಾನಪುರದಲ್ಲಿ ವಾಯುಪಡೆಯ ಹಳೆಯ ಹ್ಯಾಂಗರುಗಳಲ್ಲಿ, ಹರ್ಜಿಂದರ್ ಸಿಂಗರ ಮೇಲ್ವಿಚಾರಣೆಯಲ್ಲಿ, ಬ್ರಿಟನ್ನಿನಿಂದ ಬಂದ ಭಾಗಗಳನ್ನು ಜೋಡಿಸಿ ಕಟ್ಟಿದ ಮೊದಲ ಆವ್ರೊ 1961ರ ನವೆಂಬರ್ 1ರಂದು ಹಾರಿತು. ಹಿಂದಿನ ವರ್ಷ ತೀರಿಕೊಂಡಿದ್ದ ವಾಯುಪಡೆಯ ಮುಖ್ಯಸ್ಥ ಸುಬ್ರೋತೊ ಮುಖರ್ಜಿಯವರ ನೆನಪಿಗಾಗಿ ಅದಕ್ಕೆ ‘ಸುಬ್ರೋತೊ’ ಎಂದೇ ಹೆಸರಿಟ್ಟರು. ಒಟ್ಟು 89 ವಿಮಾನಗಳು ಕಾನಪುರದಿಂದ ಹೊರಬಂದವು. 72 ವಾಯುಪಡೆಗೆ, 17 ಇಂಡಿಯನ್ ಏರ್‌ಲೈನ್ಸಿಗೆ. ಅದರ ಹೃದಯವಾದ ರೋಲ್ಸ್‌ರಾಯ್ಸ್ ಡಾರ್ಟ್ ಎಂಜಿನ್ನನ್ನು ಪರವಾನಗಿಯ ಮೇಲೆ ತಯಾರಿಸುತ್ತಿದ್ದವರು ನಮ್ಮ ಬೆಂಗಳೂರಿನ ಎಚ್.ಎ.ಎಲ್.ನವರು.

ಡಾರ್ಟ್ ಒಂದು ವಿಚಿತ್ರ ಮಿಶ್ರಣ. ಒಳಗೆ ಜೆಟ್ಟಿನಂತೆ ಉರಿಯುವ ಟರ್ಬೈನು, ಹೊರಗೆ ಹಳೆಯ ಕಾಲದ ಪಂಕ. ಆದ್ದರಿಂದಲೇ ಅದರ ಕಿರಿಚು ದನಿ. ಕೇಳಿದವರಾರೂ ಅದನ್ನು ಇಂಪೆಂದು ಹೊಗಳಲಾರರು. ಆದರೆ ಆವ್ರೊದ ಗುಣವಿದ್ದದ್ದು ದನಿಯಲ್ಲಲ್ಲ, ನಿಧಾನದಲ್ಲಿ. ನಲವತ್ತು ಐವತ್ತು ಜನರನ್ನು ಹೊತ್ತು ಗಂಟೆಗೆ ಸುಮಾರು 450 ಕಿಲೋಮೀಟರಿನಂತೆ ಹಾರುತ್ತಿದ್ದ ಈ ವಿಮಾನವು, ಇಳಿಯುವಾಗ 180ರ ಸುಮಾರಿಗೆ ತನ್ನ ವೇಗವನ್ನು ತಗ್ಗಿಸಿಕೊಳ್ಳಬಲ್ಲದಾಗಿತ್ತು. ಇಂದಿನ ಬೋಯಿಂಗ್ 737 ನೆಲ ಮುಟ್ಟುವುದು 260ರ ಆಸುಪಾಸಿನಲ್ಲಿ. ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲವೆನ್ನಿಸಬಹುದು. ಆದರೆ ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗವನ್ನು ಅನುಸರಿಸಿ ಏರುತ್ತದೆ. ಲೆಕ್ಕ ಹಾಕಿದರೆ ಪ್ರತಿಯೊಂದು ಕಿಲೋ ತೂಕಕ್ಕೂ ಜೆಟ್ಟು ಎರಡರಷ್ಟು ಶಕ್ತಿಯನ್ನು ನೆಲದ ಮೇಲೆ ಅಡಗಿಸಬೇಕು. ತೂಕವೂ ಆವ್ರೊದ ಮೂರರಷ್ಟು. ಸಾಲದ್ದಕ್ಕೆ ಆವ್ರೊದ ಚಾಲಕನಿಗೆ ಇನ್ನೊಂದು ಅನುಕೂಲವಿತ್ತು. ಚಕ್ರ ನೆಲಕ್ಕೆ ತಾಗಿದೊಡನೆ ಪಂಕದ ಅಲಗುಗಳನ್ನು ಚಪ್ಪಟೆಯಾಗಿ ತಿರುಗಿಸಿದರೆ, ತಿರುಗುತ್ತಿರುವ ಪಂಕಗಳೇ ಗಾಳಿಗೆ ಅಡ್ಡಹಿಡಿದ ಎರಡು ತಟ್ಟೆಗಳಂತಾಗಿ ವಿಮಾನವನ್ನು ಹಿಡಿದು ನಿಲ್ಲಿಸಲು ನೆರವಾಗುತ್ತಿದ್ದವು.

ಬಜಪೆಗೆ ಇಂಥ ಯಂತ್ರವೇ ಬೇಕಾಗಿತ್ತು. ತುಳುನಾಡಿನವರು ಪದವು ಎಂದು ಕರೆಯುವ, ಮುರಕಲ್ಲಿನ ಬೋಳುನೆತ್ತಿಯ ಗುಡ್ಡವೊಂದರ ಮೇಲೆ ಆ ನಿಲ್ದಾಣವಿದೆ. ಅಂದಿನ ರನ್‌ವೇ ಪೂರ್ವ ಪಶ್ಚಿಮವಾಗಿ ಮಲಗಿತ್ತು. ಉದ್ದ ಆರು ಸಾವಿರ ಅಡಿಗಿಂತ ಕಡಿಮೆ. ಅದರ ಕೊನೆಯ ಆಚೆಗೆ ಗದ್ದೆಯಿಲ್ಲ, ಬಯಲಿಲ್ಲ. ಇಳಿಜಾರು, ಅದರ ಕೆಳಗೆ ಕಣಿವೆ. ಮಳೆಗಾಲದ ಗಾಳಿ ಕಡಲಿನಿಂದ ಬೀಸುವುದರಿಂದ ವಿಮಾನವು ಪಶ್ಚಿಮಕ್ಕೆ ಮುಖಮಾಡಿ, ಅಂದರೆ ಬಂಟ್ವಾಳ ಮೂಡುಬಿದಿರೆಗಳ ನಡುವಣ ಆ ಬಾಗಿಲಿನಿಂದಲೇ, ಮೋಡವನ್ನು ಸೀಳಿಕೊಂಡು ಇಳಿಯಬೇಕು.

ಸಹ್ಯಾದ್ರಿಯೂ ಮಳೆಮೋಡವೂ ಜೊತೆಗೂಡಿದರೆ ಏನಾಗುವುದೆಂಬುದನ್ನು ಆವ್ರೊ ಬೇರೆಡೆ ಕಂಡಿತ್ತು. 1971ರ ಡಿಸೆಂಬರ್ 9ರಂದು ಮಧುರೆಗೆ ಇಳಿಯುತ್ತಿದ್ದ ವಿಮಾನವೊಂದು ಮಸುಕಿನಲ್ಲಿ ಚಿನ್ನಮನೂರಿನ ಬಳಿ ಬೆಟ್ಟಕ್ಕೆ ಬಡಿದು 21 ಮಂದಿ ಸತ್ತರು. 1979ರ ಆಗಸ್ಟ್ 4ರ ರಾತ್ರಿ ಪುಣೆಯಿಂದ ಮುಂಬಯಿಗೆ ಹೊರಟ ಇನ್ನೊಂದು ಪನವೇಲದ ಗುಡ್ಡಗಳಲ್ಲಿ ನುಚ್ಚುನೂರಾಯಿತು; 45 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನಿಧಾನದ ಗುಣವು ನೆಲ ಮುಟ್ಟಿದ ಮೇಲೆ ಕಾಯಬಲ್ಲದು. ನೆಲವೆಲ್ಲಿದೆಯೆಂದು ಕಾಣದಾದಾಗ ಅದು ಏನನ್ನೂ ಮಾಡಲಾರದು.

ಎರಡು ವರ್ಷಗಳ ನಂತರ, 1981ರ ಆಗಸ್ಟ್ 19. ಆಟಿ ಕಳೆದು ಸೋಣ ಆಗತಾನೆ ಹೊಕ್ಕಿತ್ತು. ಮಳೆಯಲ್ಲಿ ತೊಯ್ದ ಬಜಪೆಯ ರನ್‌ವೇಗೆ ಇಂಡಿಯನ್ ಏರ್‌ಲೈನ್ಸಿನ 557ನೆಯ ಸಂಖ್ಯೆಯ ಆವ್ರೊ ಬಂದಿಳಿಯಿತು. ಒಳಗೆ 22 ಪ್ರಯಾಣಿಕರು, 4 ಮಂದಿ ಸಿಬ್ಬಂದಿ. ಪ್ರಯಾಣಿಕರಲ್ಲೊಬ್ಬರು ಅಂದಿನ ರಾಜ್ಯದ ಹಣಕಾಸು ಸಚಿವರಾದ ವೀರಪ್ಪ ಮೊಯಿಲಿ, ಮೂಡುಬಿದಿರೆಯವರು. ಪಶ್ಚಿಮಕ್ಕೆ ಮುಖಮಾಡಿದ ಆ ವಿಮಾನದ ಬಲಗಡೆಗೆ, ಮೋಡದ ಮರೆಯಲ್ಲಿ, ಕೆಲವೇ ಮೈಲಿಗಳ ಆಚೆಗೆ ಅವರ ಹುಟ್ಟೂರಿತ್ತು.

ಒದ್ದೆ ನೆಲದ ಮೇಲೆ ಚಕ್ರಕ್ಕೆ ಹಿಡಿತ ಸಾಲದು. ನೀರು ಹೆಚ್ಚಿದ್ದರೆ ರಬ್ಬರಿಗೂ ಕಾಂಕ್ರೀಟಿಗೂ ನಡುವೆ ತೆಳುವಾದ ನೀರಿನ ಪದರವೊಂದು ಸೇರಿ, ಬ್ರೇಕು ಎಷ್ಟೇ ಒತ್ತಿದರೂ ಚಕ್ರ ಜಾರುವುದುಂಟು. ಅಂದು ಆ ವಿಮಾನವು ರನ್‌ವೇಯ ಉದ್ದವನ್ನೆಲ್ಲ ಮುಗಿಸಿತು. ಮುಗಿಸಿ ಕೊನೆಯನ್ನು ದಾಟಿತು. ದಾಟಿದ ಸ್ವಲ್ಪದರಲ್ಲಿಯೇ ನಿಂತಿತು. 26 ಮಂದಿಯಲ್ಲಿ ಒಬ್ಬರ ಪ್ರಾಣವೂ ಹೋಗಲಿಲ್ಲ. ರಾಜ್ಯದ ಆಯವ್ಯಯವನ್ನು ಕೋಟಿಗಳಲ್ಲಿ ಅಳೆಯುವ ಸಚಿವರಿಗೆ ಕೆಲವು ಗಜಗಳ ಬೆಲೆಯೇನೆಂಬುದು ಅಂದು ತಿಳಿದಿರಬೇಕು! ಅವರು 1992ರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾದರು. ವಿ.ಟಿ.-ಡಿ.ಎಕ್ಸ್.ಎಫ್. ಎಂಬ ಗುರುತಿನ ಆ ವಿಮಾನವು ಮಾತ್ರ ದುರಸ್ತಿಗೆ ನಿಲುಕದೆ, ಮತ್ತೆಂದೂ ಹಾರಲಿಲ್ಲ.

ರನ್‌ವೇ ಗಿಡ್ಡವಾದುದೇ ದೋಷವೆಂದು ಹೇಳಿ ಮುಗಿಸುವುದು ಸುಲಭ. 2006ರಲ್ಲಿ ಅದೇ ಪದವಿನ ಮೇಲೆ ಎಂಟು ಸಾವಿರ ಅಡಿಯ ಹೊಸ ರನ್‌ವೇ ತೆರೆಯಿತು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಬೋಯಿಂಗ್ ಇಳಿದದ್ದು ಅದರ ಮೇಲೆಯೇ. ಅಂದು ನೆಲ ಒಣಗಿತ್ತು, ದೃಷ್ಟಿಗೆ ಅಡ್ಡಿಯಿರಲಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ರನ್‌ವೇ ಹಿಂದೆ ಸರಿದ ಮೇಲೆ ಅದರ ಚಕ್ರಗಳು ನೆಲ ಮುಟ್ಟಿದವು. 166 ಜನರಲ್ಲಿ 158 ಮಂದಿ ಕಣಿವೆಯಲ್ಲಿ ತೀರಿಹೋದರು. ಬದುಕಿದವರು ಎಂಟೇ ಜನ. ಇಳಿಯುವ ಕ್ರಮ ತಪ್ಪಿದ್ದರೂ ಮತ್ತೆ ಮೇಲಕ್ಕೇರದೆ ಮುಂದುವರಿದದ್ದೇ ಕಾರಣವೆಂದು ವಿಚಾರಣೆಯ ಸಮಿತಿ ಹೇಳಿತು.

ಪ್ರಯಾಣಿಕರ ಆವ್ರೊ ಈಗ ಬಜಪೆಗೆ ಬರುವುದಿಲ್ಲ. ವಾಯುಪಡೆಯ ಆವ್ರೊಗಳ ಬದಲಿಗೆ 56 ಹೊಸ ವಿಮಾನಗಳನ್ನು ಕೊಳ್ಳುವ ಒಪ್ಪಂದಕ್ಕೆ ಸರಕಾರ ಸಹಿ ಹಾಕಿದ್ದು 2021ರಲ್ಲಿ, ‘ಸುಬ್ರೋತೊ’ ಹಾರಿ ಅರುವತ್ತು ವರ್ಷ ತುಂಬುವ ಹೊತ್ತಿಗೆ. ಸ್ಪೇನ್ ದೇಶದ ಆ ಸಿ-295 ವಿಮಾನಕ್ಕೂ ಎರಡೇ ಎಂಜಿನ್ನು, ಅದಕ್ಕೂ ಪಂಕಗಳಿವೆ.